ಕ್ಲಬ್ಬಿನ ಚರಿತ್ರೆಯಲ್ಲಿ ಇಲ್ಲದ ಹೆಸರು

೧೪ ಸೆಪ್ಟೆಂಬರ್ ೨೦೧೬, ಬುಧವಾರ. ಎಲೆನ್‌ಬ್ರೂಕ್.

ನಾವು ಮೊದಲಿದ್ದ ಗಣಿಯೂರಿನ ಫೂಟಿ ಕ್ಲಬ್ಬಿನ, ಅಂದರೆ ಇಲ್ಲಿಯ ಆಸ್ಟ್ರೇಲಿಯನ್ ಫುಟ್‌ಬಾಲ್ ಕ್ಲಬ್ಬಿನ, ಚರಿತ್ರೆ ಇಂದು ಅಂಚೆಯಲ್ಲಿ ಬಂತು. ಕ್ಲಬ್ಬೇ ಮುಚ್ಚಿದ ಮೇಲೆ ಇನ್ನೊಂದು ಪುಸ್ತಕ ಬರುವುದಿಲ್ಲ. ಎರಡು ಸಲ ಹುಡುಕಿದೆ. ನಮ್ಮ ಯಜಮಾನರ ಹೆಸರು ಎಲ್ಲಿಯೂ ಇಲ್ಲ. ಹನ್ನೊಂದು ವರ್ಷ ಏಣಿಯ ಮೇಲೆ ನಿಂತು ಸ್ಕೋರ್‌ಬೋರ್ಡಿನ ಅಂಕಿ ಬದಲಿಸಿದವರು. ಚಳಿಗೆ ಬೆರಳು ಸೆಟೆದು, ಮನೆಗೆ ಬಂದರೆ ಅನ್ನ ಕಲಸಲೂ ಆಗುತ್ತಿರಲಿಲ್ಲ.

ತಪ್ಪು ನನ್ನದೇ. ಇವರು ತೀರಿಕೊಂಡ ಮರುವರ್ಷ ಪುಸ್ತಕ ಬರೆಯುವ ಕೆವಿನ್ ಮನೆಗೇ ಬಂದು ಇವರ ವಿಷಯ ಕೇಳಿದ.

"ಅದೆಲ್ಲ ಯಾಕಪ್ಪಾ, ಅವರು ಹೆಸರಿಗೋಸ್ಕರ ಮಾಡಿದವರಲ್ಲ" ಎಂದೆ. ಸೊಸೆ ಪೂರ್ವಿ ಅದನ್ನೇ ಇಂಗ್ಲಿಷಿನಲ್ಲಿ ಹೇಳಿದಳು.

"ನೋ ವರೀಸ್" ಎಂದು ಅವನು ನೋಟ್‌ಬುಕ್ ಮುಚ್ಚಿ, ಟೀ ಕುಡಿದು ಹೋದ.

ಮೊದಲ ಸಲಕ್ಕೇ ಹೂಂ ಎನ್ನುವವರುಂಟೆ? ಮತ್ತೆ ಕೇಳಿದರೆ ಕೊಡೋಣವೆಂದು ಇವರ ಫೋಟೋವನ್ನು ಸೆರಗಿನಡಿ ಹಿಡಿದೇ ಕೂತಿದ್ದೆ.

ಇವತ್ತು ಊಟದ ಹೊತ್ತಿಗೆ ಪೂರ್ವಿ, "ಅತ್ತೆ, ಕೆವಿನ್‌ಗೆ ಫೋನ್ ಮಾಡ್ಲಾ? ಒಂದ್ ಚೀಟಿನಾದ್ರೂ ಪ್ರಿಂಟ್ ಮಾಡಿ ಅಂಟಿಸ್ತಾರೆ" ಎಂದಳು.

"ಏನೂ ಬೇಕಾಗಿಲ್ಲ" ಎಂದೆ.

"ಸರಿ ಬಿಡಿ, ನಿಮ್ಮಿಷ್ಟ" ಎಂದು ತಟ್ಟೆ ಎತ್ತಿಕೊಂಡು ಹೋದಳು.

ಅವಳು ಮೈಸೂರಿನ ಹುಡುಗಿ. ಅವಳೂ ಒಂದೇ ಸಲ ಕೇಳಿದಳು.