ಹಳ್ಳ ನೋಡಲು ಹೋದದ್ದು

ಮಸಿನಗುಡಿ, ಬುಧವಾರ

ದೊಡ್ಡಮ್ಮ,
ಧೂಳಿಗೆ ಗಂಟಲು ಕಟ್ಟಿದೆ, ಬೇರೆಲ್ಲ ಆರಾಮ. ಹೊರದೇಶದ ಪತ್ತೇದಾರರು ದ್ವೀಪ, ಹಿಮದ ಊರು, ಮರುಭೂಮಿ ಸುತ್ತುತ್ತಾರೆ, ನಿನ್ನ ಕಥೆಯ ಪತ್ತೇದಾರ ಮೈಸೂರು ಬಿಟ್ಟು ಕದಲುವುದಿಲ್ಲ ಎಂದು ನೀವು ರೇಗಿಸಿದ್ದಿರಲ್ಲ, ಅದಕ್ಕೇ ಹೊಸ ಕಾದಂಬರಿಗೆ ಕಾಡು ನೋಡಲು ಬಂದೆ. ಇವತ್ತು ಜೀಪಿನ ಲಿಂಗಪ್ಪ ಬೊಕ್ಕಾಪುರಂ ದಾರಿಯಲ್ಲಿ ಒಂದು ಹಳ್ಳ ತೋರಿಸಿದರು. ಪೊದೆ ಎಷ್ಟು ದಟ್ಟವೆಂದರೆ ತಳವೇ ಕಾಣದು. ನಾನು ಹಿಗ್ಗಿಹೋಗಿ, "ಇಲ್ಲಿ ಹೆಣ ಬಿದ್ದರೆ ಯಾರಿಗೂ ಸಿಗಲ್ಲ, ಅಲ್ವಾ?" ಎಂದೆ.

"ಸಿಕ್ತದೆ ಮೇಡಂ. ನನ್ ತಂಗಿ ಇಲ್ಲೇ ಸಿಕ್ಕಿದ್ದು. ಸೌದೆಗೆ ಬಂದಿದ್ಲು, ಆನೆ ಹೊಡ್ದುಬಿಡ್ತು."

ಲಿಂಗಪ್ಪ ನನ್ನ ಮುಖ ನೋಡಿ, "ಕಥೆಗೆ ಈ ಜಾಗ ಆಯ್ತದಾ? ಇಲ್ಲಾಂದ್ರೆ ಬೇರೆ ತೋರಿಸ್ತೀನಿ" ಎಂದರು. ನಾಚಿಕೆಯಿಂದ ಕುಗ್ಗಿಹೋದೆ. ಬೇಡವೆಂದರೂ ಕೇಳದೆ ಊಟಕ್ಕೆ ಮನೆಗೆ ಕರೆದೊಯ್ದರು. ಅವರ ತಾಯಿ ಮಗಳ ಫೋಟೊದ ಕೆಳಗೇ ನನ್ನನ್ನು ಕೂರಿಸಿ, ಮುದ್ದೆ ಬಡಿಸುತ್ತ, "ಏನ್ ಕೆಲ್ಸ ಮಾಡ್ತೀಯವ್ವಾ?" ಎಂದು ಕೇಳಿದರು.

ಟೀಚರ್ ಎಂದು ಸುಳ್ಳು ಹೇಳಿಬಿಟ್ಟೆ. ಲಿಂಗಪ್ಪ ನನ್ನ ತಟ್ಟೆಗೆ ಸಾರು ಬಿಟ್ಟರು.

ಬಸ್ಸಿಗೆ ಹೊತ್ತಾಯಿತು.
ನಿಮ್ಮ ವಿಶಾಲು