ಎಡೆಗಿಟ್ಟ ವಾಚು

ಅಪ್ಪಾ,

ನೀನು ಓದುವುದಿಲ್ಲ ಎಂದು ಗೊತ್ತು. ಆದರೂ ಯಾರಿಗಾದರೂ ಹೇಳಲೇಬೇಕು.

ನಿನ್ನೆ ಶಿವಾರಪಟ್ಟಣದ ಮನೆಯಲ್ಲಿ ನಿನ್ನ ವರ್ಷದ ತಿಥಿ ಮಾಡಿದೆವು. ತಮ್ಮ ಅರುಣ ನಿನ್ನ ಫೋಟೋದ ಮುಂದೆ, ವಡೆ ಪಾಯಸ ಬಡಿಸಿದ್ದ ಎಲೆಯ ಪಕ್ಕದಲ್ಲಿ, ಒಂದು ಹೊಸ ವಾಚು ಇಟ್ಟ. ಕೀ ಕೊಡುವ ನಿನ್ನ ಹಳೆಯ ವಾಚಿನಂಥದ್ದನ್ನೇ ಕಂಪನಿಯವರು ಈಗ ಮತ್ತೆ ಮಾಡಿ ಮಾರುತ್ತಿದ್ದಾರಂತೆ. ಹಳೆಯದರ ಹಾಗೆ ಕಾಣಲೆಂದು ಅಂಕಿಗಳಿಗೆ ಫ್ಯಾಕ್ಟರಿಯಲ್ಲೇ ಹಳದಿ ಬಳಿದಿದ್ದಾರೆ. ನಿನ್ನದು ಹಳದಿಯಾದದ್ದು ಉಳಿ ಹಿಡಿದ ಕೈಯ ಬೆವರಿಗೆ, ಕಲ್ಲಿನ ಪುಡಿಗೆ. ನೋಡಿ ಹೇಸಿಗೆಯಾಯಿತು.

ಎಡೆಗಾದರೂ ಇಟ್ಟನಲ್ಲ ಎಂದುಕೊಂಡು ಸಾಂಬ್ರಾಣಿಗೆ ಕೆಂಡ ಹೊಂದಿಸತೊಡಗಿದೆ. ಅವನು ಮೊಬೈಲಿನಲ್ಲಿ ಅದರ ಫೋಟೋ ತೆಗೆದು, ವಾಚು ಕೂಡಿಡುವವರ ಗ್ರೂಪಿಗೆ ಕಳಿಸಿ, ನಾನು ಸಾಂಬ್ರಾಣಿ ಹಾಕುವಷ್ಟರಲ್ಲಿ ಎತ್ತಿ ಡಬ್ಬಿಗೆ ಹಾಕಿಕೊಂಡ.

"ಎಡೆಗಿಟ್ಟಿದ್ದನ್ನ ಪೂಜೆಗೆ ಮುಂಚೇನೇ ಎತ್ತುತ್ತಾರೇನೋ?" ಎಂದೆ.

"ಹೊಗೆ ತಾಕಿದ್ರೆ ಹಾಳಾಗುತ್ತೆ ಅಕ್ಕ. ನಾನೇ ಇನ್ನೂ ಕಟ್ಕೊಂಡಿಲ್ಲ. ಅಪ್ಪಂದು ಎಲ್ಲೈತೆ? ಎರಡೂ ಪಕ್ಕಪಕ್ಕ ಇಟ್ರೆ ಫೋಟೋ ಸಕ್ಕತ್ತಾಗಿರುತ್ತೆ."

ಅವನ ಹತ್ತಿರ ಕಟ್ಟಿಕೊಳ್ಳದ ವಾಚುಗಳು ಒಂದು ಡ್ರಾಯರ್ ತುಂಬ ಇವೆ. ನಿನ್ನದೂ ಅಲ್ಲಿ ಸೇರುವುದು ನನಗೆ ಬೇಕಿರಲಿಲ್ಲ.

"ಅದು ಅಪ್ಪನ ಜೊತೇಲೇ ಹೋಯ್ತು ಕಣೋ" ಎಂದೆ.

ಅದು ಬೀರುವಿನಲ್ಲಿ, ನಿನ್ನ ಕನ್ನಡಕದ ಡಬ್ಬಿಯೊಳಗೆ ಓಡುತ್ತಿತ್ತು. ಈಗ ದಿನಾ ಬೆಳಿಗ್ಗೆ ತಪ್ಪದೆ ಕೀ ಕೊಡುತ್ತೇನೆ ಅಪ್ಪಾ. ಆಸ್ಪತ್ರೆಯಲ್ಲಿದ್ದಾಗ ನೀನು ನನ್ನನ್ನು ಕೇಳಿಕೊಂಡದ್ದು ಅದೊಂದೇ, ಆಗ ಕೊಡಲಿಲ್ಲ.