ಹೂಜಿಯ ತಳಕ್ಕೊಂದು ಕಿವಿ

೪, ಬೆಳಿಗ್ಗೆ

ಸಿಂಹಾಸನ ಮತ್ತೆ ಬಿರುಕು ಬಿಟ್ಟಿದೆ. ಒದ್ದೆ ಬಟ್ಟೆ ಸುತ್ತಿ ಶುಶ್ರೂಷೆ ಮಾಡಿದೆ.

ಮುಂದಿನ ಪೀಳಿಗೆಯ ತಿಳಿವಳಿಕೆಗಾಗಿ: ಸಿಂಹಾಸನ ಎಂದರೆ ತಿಗರಿಯ, ಅಂದರೆ ಕುಂಬಾರಿಕೆಯ ಚಕ್ರದ, ನಡುವೆ ಕೂರಿಸುವ ದಪ್ಪ ಮಣ್ಣಿನ ಕೊಳವೆ. ಹೂಜಿಯ ಕತ್ತು ಸಣ್ಣ. ಬಾಯಿಯ ಮೇಲೆ ಬೋರಲು ನಿಲ್ಲಿಸಿದರೆ ಮುರಿಯುತ್ತದೆ. ಅದಕ್ಕೇ ಕತ್ತನ್ನು ಕೊಳವೆಯೊಳಗೆ ಇಳಿಸಿ, ಭುಜವನ್ನು ಅಂಚಿಗೆ ಒರಗಿಸಿ, ತಳ ಮೇಲೆ ಮಾಡಿ ಹೆಚ್ಚಿನ ಮಣ್ಣನ್ನು ಹೆರೆಯುವುದು. ರಾಜರು ತಲೆಕೆಳಗಾಗಿ ಪಟ್ಟಕ್ಕೇರುವ ಏಕೈಕ ಆಸ್ಥಾನ ನಮ್ಮದು. ನನ್ನ ಸೋದರಮಾವ ಮಾತ್ರ ಅದನ್ನು ‘ಆ ಡಬ್ಬ’ ಅನ್ನುತ್ತಾರೆ. ರಸಿಕತೆ ಇಲ್ಲದ ಮನುಷ್ಯ.

ಹೂವಿನ ಅಂಗಡಿಯ ಮೇಡಂಗೆ ಒಂದು ಡಜನ್ ಹೂಜಿ ಕೊಡಬೇಕು, ಒಂಟಿ ಹೂವು ಇಡಲು. ಹೋದ ಸಲದವು ಅರ್ಧಕ್ಕರ್ಧ ಆವಿಗೆಯಲ್ಲಿ ಸುಡುವಾಗಲೇ ಹೋದವು. ಎಲ್ಲ ತಳದಲ್ಲೇ. ದಪ್ಪ ಉಳಿದದ್ದು ಸೀಳಿತು, ತೆಳುವಾದದ್ದು ತೂತಾಯಿತು. ಮಾವ ಮಣ್ಣನ್ನು ಬೈದರು. ನಿನ್ನೆ ರಾತ್ರಿ ಅತ್ತೆ ತಟ್ಟೆ ಇಡುತ್ತಾ, “ಮಣ್ಣು ನನ್ನ ಮದುವೆ ಆದಾಗಿನಿಂದ ಅದೇ ಇದೆ. ಈ ಸಲಾನೂ ಹೋದ್ರೆ ತಿಗರಿ ಮಾರಿಬಿಡೋಣ ರೀ. ಸಾಕು” ಅಂದರು.

ಮಾವ ಅರ್ಧ ಊಟಕ್ಕೇ ಎದ್ದರು.

೪, ಸಂಜೆ

ಇಂದಿನ ತರಲೆ. ಬರೆಯಲೋ ಬೇಡವೋ...

ಹೆರೆಯುವಾಗ ಮಾವ ಆಗಾಗ ತಿಗರಿ ನಿಲ್ಲಿಸಿ ತಳಕ್ಕೆ ಬೆರಳ ಗೆಣ್ಣಿನಿಂದ ತಟ್ಟುತ್ತಾರೆ. ದಪ್ಪ ಇದ್ದರೆ ‘ದಬ್’. ತೆಳುವಾದರೆ ‘ಟಪ್’. ನಡುವೆ ಒಂದು ‘ಡೊಂ’ ಇದೆ, ಅಲ್ಲಿಗೆ ನಿಲ್ಲಿಸಬೇಕು. ಮುಗಿದ ಮೇಲೆ ಎತ್ತಿ, ನೇರ ಮಾಡಿ, ಕಿವಿಯ ಹತ್ತಿರ ಹಿಡಿದು ಕೊನೆಯ ಸಲ ತಟ್ಟುವುದು. ಆಗ ಅವರ ಮುಖದಲ್ಲಿ ಹೈಕೋರ್ಟ್ ಜಡ್ಜಿನ ಕಳೆ.

ಇವತ್ತು ಅವರು ನೀರು ಕುಡಿಯಲು ಎದ್ದಾಗ, ಹೆರೆದಿಟ್ಟ ಹೂಜಿಯೊಳಗೆ ಒಣಮಣ್ಣಿನ ಎರಡು ಗುಂಡು ಹಾಕಿದೆ. ಮೆಣಸಿನಕಾಳಿನಷ್ಟು. ಬಂದು ಎತ್ತಿದರು. ಗಲಗಲ ಅಂತು. ನಾನಿದ್ದ ಮೂಲೆಗೂ ಕೇಳಿಸಿತು. ತಟ್ಟಿದರು. ಕಿವಿಗೆ ಹಿಡಿದರು. ನನ್ನ ಕಡೆ ಒಮ್ಮೆ ನೋಡಿದರು.

“ಸರಿಯಾಗಿದೆ” ಎಂದು ಹಲಗೆಯ ಮೇಲಿಟ್ಟರು.

ಬೈಸಿಕೊಳ್ಳಲು ಹಲ್ಲು ಕಿರಿದುಕೊಂಡು ನಿಂತಿದ್ದೆ. ಹಲ್ಲು ಹಾಗೇ ಉಳಿಯಿತು.

೫, ಬೆಳಿಗ್ಗೆ

ವಿಚಾರಣಾ ಆಯೋಗ ರಚನೆ. ಅಧ್ಯಕ್ಷರು, ಸದಸ್ಯರು, ಜವಾನ — ಎಲ್ಲ ನಾನೇ.

ಮಾವನ ಬೆನ್ನ ಹಿಂದೆ ನಿಂತು, “ಮಾವಾ, ಬೆನ್ನ ಮೇಲೆ ಚೇಳು!” ತಿರುಗಲಿಲ್ಲ. “ಮಾವಾ, ಅತ್ತೆ ನಿಮ್ಮನ್ನ ಬಿಟ್ಟು ಹೋದ್ರು, ಬ್ಯಾಗೂ ತಗೊಂಡ್ರು!” ಊಹೂಂ. ಮಣ್ಣು ನಾದುತ್ತಲೇ ಇದ್ದರು. ನಗು ಬರಬೇಕಿತ್ತು. ಬರಲಿಲ್ಲ.

ಎದುರಿಗೆ ಹೋದೆ.

“ಏನೇ ತರಲೆ, ಮುಖ ಯಾಕೆ ಹಂಗಿದೆ?”

“ಹಲ್ಲು ನೋವು ಮಾವ.”

“ಯಾವಾಗ್ಲೂ ಬಿಟ್ಕೊಂಡೇ ಇರ್ತೀಯಲ್ಲ, ಗಾಳಿ ಹೊಡೆದಿರುತ್ತೆ.”

ಎದುರಿಗೆ ನಿಂತರೆ ಎಲ್ಲ ಕೇಳುತ್ತದೆ. ಅಂದರೆ ನನ್ನ ತುಟಿ ನೋಡುತ್ತಾರೆ. ಎಷ್ಟು ದಿನದಿಂದಲೋ!

ಮಣ್ಣಿನ ದೋಷ ಅಲ್ಲ. ಬರೀ ಅಭ್ಯಾಸಕ್ಕೆ ತಟ್ಟುತ್ತಿದ್ದಾರೆ.

೫, ಮಧ್ಯಾಹ್ನ

ಅವರು ಹೆರೆದಿಟ್ಟ ಆರನ್ನೂ ಕದ್ದು ತಟ್ಟಿದೆ. ನಿನ್ನೆಯ ಗುಂಡುಗಳನ್ನೂ ಹೊರಗೆ ಸುರಿದೆ. ಐದು ಪರವಾಗಿಲ್ಲ — ಕೈಯ ಹಳೆಯ ಲೆಕ್ಕದಲ್ಲಿ ಆಗಿರಬೇಕು. ಆರನೆಯದು ‘ಟಪ್’. ಹೆಬ್ಬೆರಳು ಒತ್ತಿದೆ. ಕಾಗದದ ಹಾಗೆ ಒಳಗೆ ಹೋಯಿತು!

ಮಣ್ಣಿನ ತೊಟ್ಟಿಗೆ ಹಾಕಿ ಗುರುತು ಸಿಗದಂತೆ ಕಲಸಿದೆ. ಬೆಕ್ಕು ಬೀಳಿಸಿತು ಅಂದೆ. ಅತ್ತೆ ಬೆಕ್ಕಿನ ಜನ್ಮ ಜಾಲಾಡಿದರು. ಬೆಕ್ಕೇ, ನಿನ್ನ ತ್ಯಾಗ ಮರೆಯುವುದಿಲ್ಲ.

ಇನ್ನೂ ಆರು ಹೂಜಿ ಪ್ಲಾಸ್ಟಿಕ್ ಹೊದ್ದು ಕೂತಿವೆ. ಒತ್ತಿದರೆ ಮಣ್ಣಿನಲ್ಲಿ ಉಗುರು ಕೂರಬೇಕು, ಬೆರಳು ಕೂರಬಾರದು — ಅದೇ ಹೆರೆಯುವ ಹದ. ನಾಳೆ ಸಂಜೆ ದಾಟಿದರೆ ಉಗುರೂ ಕೂರುವುದಿಲ್ಲ.

ನಾನೇ ಹೆರೆಯಲೇ? ನನ್ನ ಕೈಗೆ ಸಿಕ್ಕ ರಾಜರೆಲ್ಲ ಸಿಂಹಾಸನದಿಂದ ಹಾರಿ ಗೋಡೆಗೆ ಬಡಿದು ವೀರಸ್ವರ್ಗ ಸೇರಿದ್ದಾರೆ. ಮಾವನಿಗೆ ಹೇಳಿಬಿಡಲೇ? ನಿಮಗೆ ಕಿವಿ ಕೇಳಿಸುತ್ತಿಲ್ಲ ಅಂತ ಅವರ ಮುಖ ನೋಡಿಕೊಂಡೇ ಹೇಳಬೇಕು. ಹಿಂದಿನಿಂದ ಹೇಳಿದರೆ ಕೇಳಿಸುವುದಿಲ್ಲ. ಅದೇ ಫಜೀತಿ.

ಅತ್ತೆಗೆ ಹೇಳಿದರೆ ನಾಳೆಯೇ ತಿಗರಿಗೆ ಗಿರಾಕಿ ಬರುತ್ತಾರೆ.

೬, ಬೆಳಿಗ್ಗೆ

ಉಪಾಯ ಸಿಕ್ಕಿದೆ. ಮೂರ್ಖತನದ್ದು. ಬೇರೆ ಇಲ್ಲ.

೬, ಸಂಜೆ

ಅವಸರದ ಬರಹ, ಅಕ್ಷರ ಕೋಳಿಕಾಲು.

ತಿಗರಿಯ ಸ್ವಿಚ್ಚು ಗೋಡೆಯ ಮೇಲೆ, ಮಾವನ ಬೆನ್ನ ಹಿಂದೆ. ಅಲ್ಲೇ ಸ್ಟೂಲು ಹಾಕಿ ಕೂತೆ. ಮೊದಲ ಹೂಜಿ ಏರಿಸಿದರು. ಮಣ್ಣಿನ ಸುರುಳಿ ಒತ್ತಿ ಭದ್ರ ಮಾಡಿದರು. ಹೆರೆದರು — ಮಣ್ಣು ಸುರುಳಿಸುರುಳಿಯಾಗಿ ಮಡಿಲಿಗೆ. ತಟ್ಟಿದರು. ದಬ್. ಮತ್ತೆ ಹೆರೆದರು. ದಬ್. ಮತ್ತೆ. ಡೊಂ!

ಪಟ್ ಎಂದು ಸ್ವಿಚ್ ಆರಿಸಿ ಅವರ ಎದುರಿಗೆ ಓಡಿದೆ. “ಕರೆಂಟ್ ಹೋಯ್ತು ಮಾವ! ಇಳಿಸಿಬಿಡಿ, ಆಯ್ತಲ್ಲ!”

ಇಳಿಸಿದರು. ಹಿಂದೆ ಓಡಿ ಸ್ವಿಚ್ ಮತ್ತೆ ಹಾಕಿದೆ. ಎರಡನೆಯದು. ಮೂರನೆಯದು. ಡೊಂ — ಪಟ್ — “ಅಯ್ಯೋ, ಮತ್ತೆ ಹೋಯ್ತು!”

ಒಳಗಿನಿಂದ ಅತ್ತೆ, “ಎಲ್ಲಿ ಹೋಯ್ತೇ? ನನ್ನ ಮಿಕ್ಸಿ ಓಡ್ತಿದೆಯಲ್ಲ!”

ಮಾವ ಕಣ್ಣೂ ಮಿಟುಕಿಸಲಿಲ್ಲ. ಮೊದಲ ಸಲ ಅವರ ಕಿವಿಯ ಬಗ್ಗೆ ಕೃತಜ್ಞತೆ ಹುಟ್ಟಿತು, ಹಿಂದೆಯೇ ನನ್ನ ಮೇಲೆ ಅಸಹ್ಯ.

ನಾಲ್ಕು. ಐದು. ಬೆವರಿನಲ್ಲಿ ಸ್ನಾನವಾಯಿತು. ಐದನೆಯದಕ್ಕೂ “ಕರೆಂಟ್—” ಅಂದೆ. ಮಾವ ನನ್ನ ಮುಖ ನೋಡಲಿಲ್ಲ. ಮೇಲೆ ನೋಡಿದರು.

“ಬಲ್ಬ್ ಉರೀತಿದೆ ಕಣೇ.”

ಉರಿಯುತ್ತಿತ್ತು. ಮೂರು ತಾಸಿನಿಂದ, ನನ್ನ ತಲೆಯ ಮೇಲೆಯೇ. ಇಷ್ಟು ವರ್ಷದ ತರಲೆಯ ಅನುಭವ ಮಣ್ಣುಪಾಲು!

ಮಾವ ಕೈ ಒರೆಸಿಕೊಂಡರು. ತುಂಬ ನಿಧಾನಕ್ಕೆ.

“ಮೊನ್ನೆ ಹೂಜಿಯೊಳಗೆ ಏನು ಹಾಕಿದ್ದೆ?”

“...ಗುಂಡು.”

“ಕೈಯಲ್ಲಿ ಓಡಾಡಿದ್ದು ಗೊತ್ತಾಯ್ತು. ಕಿವೀಲಿ ಏನೂ ಇಲ್ಲ. ನಿನ್ನ ಮುಖ ನೋಡ್ದೆ. ಸದ್ದಾಗಿದೆ ಅಂತ ಅಲ್ಲಿ ಬರೆದಿತ್ತು.” ತೊಟ್ಟಿಯ ಕಡೆ ನೋಡಿ, “ಬೆಕ್ಕು ಬೀಳಿಸಿದ್ದೂ ಅಲ್ಲ, ಅಲ್ವಾ?”

“ಅಲ್ಲ.”

“ಪಾಪ ಬೆಕ್ಕು.”

ಅತ್ತು ಬಿಡುತ್ತೇನೇನೋ ಅಂದುಕೊಂಡೆ. ಅವರೇ ಕೊನೆಯ ಹೂಜಿ ತಂದು ಸಿಂಹಾಸನಕ್ಕೆ ಏರಿಸಿದರು. ನನ್ನ ಸ್ಟೂಲನ್ನು ಎಳೆದು ತಮ್ಮ ಎದುರಿಗೆ ಹಾಕಿದರು. ಹೆರೆದರು. ನಿಲ್ಲಿಸಿ ತಟ್ಟಿದರು. ತಳವನ್ನು ನೋಡಲಿಲ್ಲ, ನನ್ನನ್ನು ನೋಡಿದರು.

“ಸಾಕಾ? ಇನ್ನೊಂದು ಸುತ್ತಾ?”

“ಇನ್ನೊಂದು... ಚೂರು.”

ಹೆರೆದರು. ತಟ್ಟಿದರು. ನನಗೆ ಸರಿಯಾಗಿ ಕೇಳಿಸಲಿಲ್ಲ. ಎದೆಯೇ ಡಬಡಬ ಅನ್ನುತ್ತಿತ್ತು. ಸಾಕು ಅಂದುಬಿಟ್ಟೆ. ಮಾವ ನಂಬಿ ಇಳಿಸಿದರು. ಸಾಕಾಗಿತ್ತೋ ಇಲ್ಲವೋ, ದೇವರಾಣೆ ಗೊತ್ತಿಲ್ಲ.

೭

ಮಾವ ಅತ್ತೆಗೆ ತಾವೇ ಹೇಳಿದರು. ಅತ್ತೆ ಒಲೆ ಆರಿಸಿದರು. ಆಮೇಲೆ ಅವರ ಎದುರಿಗೆ ಬಂದು ಕೂತು, ಒಂದೊಂದೇ ಮಾತು ಬಿಡಿಸಿ, “ಡಾಕ್ಟರ ಹತ್ರ ಹೋಗೋಣ. ತಿಗರಿ ವಿಷಯ ಆವಿಗೆ ತೆಗೆದ ಮೇಲೆ ನೋಡೋಣ” ಅಂದರು. ನನ್ನ ಕಡೆ ತಿರುಗಿ, “ನೀನು ಬೆಕ್ಕಿಗೆ ಹಾಲು ಹಾಕು ಹೋಗು.”

೨೦, ಬೆಳಿಗ್ಗೆ

ಆವಿಗೆ ಆರಿದೆ. ಹಿತ್ತಿಲಲ್ಲಿ ತೆಗೆಯುತ್ತಿದ್ದಾರೆ. ನಾನು ಸಿಂಹಾಸನದ ಪಕ್ಕ ಅಡಗಿ ಕೂತಿದ್ದೇನೆ. ರಾಜಭಕ್ತಿ ಅಲ್ಲ, ಹೆದರಿಕೆ.

ಅತ್ತೆ ಎಣಿಸುವುದು ಕೇಳುತ್ತಿದೆ. ಒಂದು ಚೆನ್ನಾಗಿದೆ. ಎರಡು. ಐದು... ದನಿಯಲ್ಲಿ ಸಿಟ್ಟಿಲ್ಲ. ಎಂಟು. ಹತ್ತು! ಹತ್ತೂ ಇವೆ!

ಬೆಕ್ಕಿನ ಪಾಲಿನದು ಬಿಟ್ಟರೆ ಉಳಿದದ್ದು ಒಂದೇ. ನಾನು ಸಾಕು ಅಂದದ್ದು.

“ಏ ತರಲೆ!” ಮಾವ ಕೂಗುತ್ತಿದ್ದಾರೆ. “ಇದನ್ನ ನೀನು ಬಂದು ತಟ್ಟೋ ತನಕ ನಾನು ಆಚೆ ತೆಗೆಯೋದಿಲ್ಲ!”

“ಬಂದೆ ಮಾವ” ಅಂದೆ.

ಥೂ, ನನ್ನ ಬುದ್ಧಿಗಿಷ್ಟು. ಇಲ್ಲಿಂದ ಅಂದರೆ ಏನು ಬಂತು, ಅವರಿಗೆ ಕೇಳಬೇಕಲ್ಲ. ಎದ್ದು ಹೋಗಿ, ಅವರ ಎದುರಿಗೆ ನಿಂತು, ಮುಖ ಗಟ್ಟಿ ಮಾಡಿಕೊಂಡು, ತಟ್ಟಿ, ಕೇಳಿಸಿದ್ದನ್ನೇ ಹೇಳಬೇಕು.